ಚಂದದ್ದು ಒಂದು, ಕೆಟ್ಟದ್ದು ಎರಡು

ಅವರು ನನಗೆ ಹೊಡೆದದ್ದು ಒಂದೇ ಸಲ. ಎಡಗೈಯಿಂದ, ಬಲಗೆನ್ನೆಗೆ. ಆ ಕೈಯಲ್ಲಿ ಕಿರುಬೆರಳೂ ಉಂಗುರದ ಬೆರಳೂ ಇರಲಿಲ್ಲವಾದ್ದರಿಂದ ನನ್ನ ಕೆನ್ನೆಯ ಮೇಲೆ ಮೂಡಿದ್ದು ಎರಡೇ ಗೆರೆ. ಮನೆಗೆ ಹೋದಾಗ ಅವ್ವ ಅದನ್ನು ನೋಡಿ, "ಎರಡ ಬೆರಳಿಲೆ ಹೊಡಿಯೋರು ಯಾರವಾ?" ಎಂದು ಕೇಳಿದಳು. ಕಿಟಕಿಯ ಕಂಬಿ ತಗುಲಿತು ಎಂದೆ. ಆ ವಾರ ನಾನು ಹೇಳಿದ ಎರಡನೆಯ ಸುಳ್ಳು ಅದು. ಮೊದಲನೆಯದನ್ನು ಹದಿನಾಲ್ಕು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ.

ಹೋದ ತಿಂಗಳು ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ತಮ್ಮ ಬಗ್ಗೆ ಯಾರಾದರೂ ನಾಲ್ಕು ಒಳ್ಳೆಯ ಮಾತು ಬರೆದು ತಂದರೆ ಆ ಕಾಗದವನ್ನು ಹರಿದು ಬರೆದವರ ಮುಖದ ಮೇಲೆಯೇ ಚೆಲ್ಲುತ್ತಿದ್ದ ಹೆಂಗಸು ಅವರು. ಸತ್ತ ಮೇಲೂ ಆ ಕೈಯ ಭಯ ನನಗೆ ಹೋಗಿಲ್ಲ. ಎಲ್ಲರೂ ಕರೆಯುತ್ತಿದ್ದಂತೆ ನಾನೂ ಮೇಡಂ ಎಂದೇ ಕರೆಯುತ್ತೇನೆ.

ಮೇಡಂ ಬಾಗಲಕೋಟೆಯ ಕಡೆಯವರು. ನಾಗಪುರದ ಒಂದು ಸಂಸ್ಥೆಯಲ್ಲಿ ಕ್ಷ-ಕಿರಣದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದರು. ನಾನು ಅವರ ಕೈಕೆಳಗೆ ಪಿಎಚ್.ಡಿ. ಮಾಡಲು ಸೇರಿದಾಗ ನನಗೆ ಇಪ್ಪತ್ತನಾಲ್ಕು. ನಮ್ಮ ಅಪ್ಪ ಹುಬ್ಬಳ್ಳಿಯಿಂದ ರೈಲ್ವೆಯಲ್ಲಿ ವರ್ಗವಾಗಿ ಬಂದು ಇಲ್ಲೇ ನಿಂತವರು, ನಾನು ಇಲ್ಲೇ ಹುಟ್ಟಿದವಳು. ಮನೆಯ ಹೊರಗೆ ಕನ್ನಡ ಕೇಳಿದ್ದೇ ಕಡಿಮೆ. ಹೊಸ ಗೈಡ್ ಕನ್ನಡದವರು ಎಂದು ತಿಳಿದಾಗ ಬಹಳ ಸಂತೋಷಪಟ್ಟೆ. ಆ ಸಂತೋಷ ಮೊದಲನೆಯ ದಿನ ಹನ್ನೊಂದು ಗಂಟೆಯವರೆಗೆ ಇತ್ತು. ಉಳಿದವರನ್ನು ಅವರು ಹಿಂದಿಯಲ್ಲಿ ಬೈಯುತ್ತಿದ್ದರು, ಅದರಲ್ಲಿ ಸ್ವಲ್ಪ ಸಂಕೋಚವಿರುತ್ತಿತ್ತು. ನನ್ನನ್ನು ಬೈಯುವಾಗ ಬಾಗಲಕೋಟೆಯ ಕನ್ನಡ, ಅದಕ್ಕೆ ತಡೆಯೇ ಇರಲಿಲ್ಲ. ಮರಾಠಿ ಹುಡುಗಿಯರು ಆಮೇಲೆ ನನ್ನ ಬಳಿ ಬಂದು, ಏನಂದರು, ಹೇಳು ಎಂದು ಕಾಡುತ್ತಿದ್ದರು. ನಾನು ಒಂದು ಸಲವೂ ಅನುವಾದ ಮಾಡಲಿಲ್ಲ.

ನಮ್ಮ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಯಾರೋ ಒಂದು ಹೊಸ ಸಂಯುಕ್ತ ತಯಾರಿಸುತ್ತಾರೆ. ಹೆಚ್ಚಾಗಿ ಇಂಗಾಲದ ಉಂಗುರದಲ್ಲಿ ಒಂದೋ ಎರಡೋ ಸಾರಜನಕ ಸೇರಿದ ಸಣ್ಣ ಅಣುಗಳು. ಅದರ ಹರಳು ಬೆಳೆಸಿ ಶೀಷೆಯಲ್ಲಿ ತಂದುಕೊಡುತ್ತಾರೆ. ನಾವು ಸೂಕ್ಷ್ಮದರ್ಶಕದಡಿ ಒಂದು ಹರಳನ್ನು ಆರಿಸಿ, ಗಾಜಿನ ಎಳೆಯ ತುದಿಗೆ ಅಂಟಿಸಿ, ಕ್ಷ-ಕಿರಣದ ಎದುರು ತಿರುಗಿಸುತ್ತೇವೆ. ಕಿರಣಗಳು ಚದುರಿ ಚುಕ್ಕೆಗಳಾಗಿ ಬೀಳುತ್ತವೆ. ಆ ಸಾವಿರಾರು ಚುಕ್ಕೆಗಳಿಂದ ಲೆಕ್ಕ ಹಿಡಿದು ಯಾವ ಪರಮಾಣು ಎಲ್ಲಿ ಕೂತಿದೆ, ಯಾವುದು ಯಾವುದರ ಕೈ ಹಿಡಿದಿದೆ ಎಂದು ಹೇಳುತ್ತೇವೆ. ಸಾಸಿವೆಗಿಂತ ಸಣ್ಣ ಹರಳೊಂದರಿಂದ ಇಡೀ ಶೀಷೆಯ ಜಾತಕ ಬರೆಯುವ ಉದ್ಯೋಗ. ತಪ್ಪು ಹುಟ್ಟುವುದೂ ಅಲ್ಲೇ.

ಅದಕ್ಕೇ ಮೇಡಂ ಒಂದು ಕಟ್ಟಳೆ ಮಾಡಿದ್ದರು. ಬೇರೆ ಯಾವ ಪ್ರಯೋಗಾಲಯದಲ್ಲೂ ನಾನು ಅದನ್ನು ಕಂಡಿಲ್ಲ. ಪ್ರತಿ ಶೀಷೆಯಿಂದ ಮೂರು ಹರಳು ನೋಡಬೇಕು. "ಚಂದಂದು ಒಂದು, ಕೆಟ್ಟವು ಎರಡು." ಚಂದದ್ದು ಎಂದರೆ ಅಂಚು ಚೂಪಾದ, ಪಾರದರ್ಶಕ, ದಪ್ಪನೆಯ ಹರಳು. ಅದನ್ನು ಯಾರು ಬೇಕಾದರೂ ಆರಿಸುತ್ತಾರೆ, ಅದರ ಚುಕ್ಕೆಗಳೂ ಚೊಕ್ಕ, ಉತ್ತರ ಬೇಗ. ಕೆಟ್ಟವು ಸೀಳಿರುತ್ತವೆ, ಒಂದಕ್ಕೊಂದು ಅಂಟಿರುತ್ತವೆ, ಕೂದಲಿನಷ್ಟು ತೆಳ್ಳಗಿರುತ್ತವೆ. ಅವುಗಳ ಜೊತೆ ಒಂದು ದಿನ ಗುದ್ದಾಡಿದರೆ ಸಂಜೆಗೆ ತಲೆ ಸಿಡಿಯುತ್ತದೆ. ಸೂಜಿಯಂಥ ಹರಳು ಎತ್ತಲು ಮೇಡಂ ಬಳಸುತ್ತಿದ್ದುದು ಕಡ್ಡಿಯ ತುದಿಗೆ ಅಂಟಿಸಿದ ಬೆಕ್ಕಿನ ಮೀಸೆಯ ಒಂದು ಕೂದಲು. ಬೆರಳು ಮೂರೇ ಇದ್ದ ಆ ಎಡಗೈ ಬೆಕ್ಕಿನ ಮೀಸೆ ಹಿಡಿದಾಗ ಮಾತ್ರ ಒಂಚೂರೂ ಅಲುಗುತ್ತಿರಲಿಲ್ಲ. ಅದೇ ಕೈ ಮುಂದಿನ ನಿಮಿಷದಲ್ಲಿ ಸ್ಟೀಲಿನ ಸ್ಕೇಲನ್ನು ಮೇಜಿನ ಮೇಲೆ ಬಾಗುವ ಹಾಗೆ ಬಡಿಯುತ್ತಿತ್ತು.

ಅವರ ಸಿಟ್ಟಿನ ಕಥೆಗಳು ಇಡೀ ಸಂಸ್ಥೆಯಲ್ಲಿ ಓಡಾಡುತ್ತಿದ್ದವು, ಅರ್ಧಕ್ಕಿಂತ ಹೆಚ್ಚು ನಿಜ. ನನ್ನ ಹಿರಿಯ ಸಹಪಾಠಿಯೊಬ್ಬನ ಪ್ರಬಂಧದ ಮೂರನೆಯ ಅಧ್ಯಾಯವನ್ನು ಕಿಟಕಿಯಿಂದ ಎಸೆದು, ಅವನು ಹಾಳೆ ಹೆಕ್ಕಲು ಕೆಳಗೆ ಹೋದಾಗ ನಾಲ್ಕನೆಯ ಅಧ್ಯಾಯವನ್ನು ಅವನ ತಲೆಯ ಮೇಲೆ ಎಸೆದಿದ್ದರು. ಮೇ ತಿಂಗಳಲ್ಲಿ ಕೆಟ್ಟು ನಿಂತ ಏರ್ ಕೂಲರನ್ನು ಒದ್ದಿದ್ದಕ್ಕೆ ಅದರ ತಗಡು ಒಳಕ್ಕೆ ಹೋಗಿತ್ತು. ತಾವೂ ಎರಡು ವಾರ ಕುಂಟಿದರು, ಕೂಲರ್ ಮಾತ್ರ ಅಂದೇ ಸಂಜೆ ತಿರುಗಲು ಶುರುಮಾಡಿತ್ತು. ಒಂದು ಭಾನುವಾರ ಕಳಮನಾದ ಸಗಟು ಮಾರುಕಟ್ಟೆಗೆ ನನ್ನನ್ನು ಕರೆದುಕೊಂಡು ಹೋದರು, ಒಂದು ಪೆಟ್ಟಿಗೆ ಕಿತ್ತಳೆ ಕೊಳ್ಳಬೇಕಿತ್ತು. ವ್ಯಾಪಾರಿ ಪೆಟ್ಟಿಗೆ ತೆರೆದು ತೋರಿಸಿದ. ಮೇಲೆ ಒಂದೇ ಅಳತೆಯ ಹೊಳೆಯುವ ಹಣ್ಣುಗಳು. ಮೇಡಂ ಮಾತಿಲ್ಲದೆ ತೋಳು ಮಡಚಿ, ಕೈಯನ್ನು ಪೆಟ್ಟಿಗೆಯ ತಳದವರೆಗೆ ಇಳಿಸಿದರು. ಹೊರಗೆ ಬಂದದ್ದು ಬೂಸರು ಹಿಡಿದ ಹಣ್ಣು. ಅದನ್ನು ಅವನ ಅಂಗಿಯ ಮೇಲೆ ಒರೆಸಿದರು. ಅವನು ಏನೋ ಅಂದ. ಮೇಡಂ ಪೆಟ್ಟಿಗೆಯನ್ನು ಎತ್ತಿ ನೆಲಕ್ಕೆ ಬೋರಲು ಹಾಕಿದರು, ಅವನು ಇವರ ತೋಳು ಹಿಡಿದ, ಇವರು ಅವನ ಎದೆಗೆ ಗುದ್ದಿದರು, ಹಮಾಲರು ಬಂದು ಬಿಡಿಸಬೇಕಾಯಿತು. ಹೊರಗೆ ಬಂದ ಮೇಲೆ ಸೆರಗು ಸರಿಮಾಡಿಕೊಂಡು ನನಗೆ ಹೇಳಿದರು: "ಹೊಳಿಯೂದು ಯಾವಾಗ್ಲೂ ಮ್ಯಾಲ ಕುಂತಿರ್ತೈತಿ. ತಳದಾಗ ಏನೈತಿ ಅನ್ನೂದು ಕೈ ಹಾಕಿದಾಗ ಗೊತ್ತಾಕ್ಕೈತಿ."

ಇದನ್ನೆಲ್ಲ ಈಗ ಬರೆಯುವಾಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ. ನಾನು ಅವರನ್ನು ದ್ವೇಷಿಸುತ್ತಿದ್ದೆ. ಬೆಳಗ್ಗೆ ಮೆಟ್ಟಿಲು ಹತ್ತುವಾಗ ಅವರ ಚಪ್ಪಲಿ ಬಾಗಿಲಲ್ಲಿ ಕಂಡರೆ ಹೊರಗೇ ಒಂದು ಸುತ್ತು ಹಾಕಿ ಬರುತ್ತಿದ್ದೆ. ಶನಿವಾರ ಅವರು ಮನೆಯಿಂದ ಗರಿಗರಿಯಾದ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ ತಂದು ಎಲ್ಲರಿಗೂ ಬಡಿಸುತ್ತಿದ್ದರು. ನಾನು ತಿನ್ನುತ್ತಲೇ ಶಪಿಸುತ್ತಿದ್ದೆ. ಬುದ್ಧಿ ಕಲಿಸಲು ಹೊಡೆತವೇ ಬೇಕೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಈ ಬರಹ ಅದಕ್ಕೆ ಸಮರ್ಥನೆಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಬೆರಳು ಹೋದದ್ದು ಹೇಗೆಂದು ಕೇಳಿದವರಿಗೆ ಅವರು ಬೇರೆ ಬೇರೆ ಉತ್ತರ ಕೊಡುತ್ತಿದ್ದರು. ನನಗೆ ಕಬ್ಬಿನ ಗಾಣ ಅಂದಿದ್ದರು. ಗ್ರಂಥಾಲಯದವರಿಗೆ ರಿಕ್ಷಾದ ಬಾಗಿಲು. ಹೊಸದಾಗಿ ಬಂದ ನಿರ್ದೇಶಕರು ಕೇಳಿದಾಗ, ನಿಮ್ಮಂಥವರೊಬ್ಬರು ಕಚ್ಚಿದರು ಎಂದರಂತೆ.

ಇನ್ನು ಆ ಹರಳಿನ ವಿಷಯ. ಉಮರೇಡ್ ರಸ್ತೆಯಲ್ಲಿ, ಊರು ದಾಟಿ ಬಹಳ ದೂರದಲ್ಲಿ, ಕಲ್ಲಿದ್ದಲಿನ ಗಣಿಗಳಿಗೆ ಸಿಡಿಮದ್ದು ಮಾಡಿಕೊಡುವ ಒಂದು ಸಣ್ಣ ಕಾರ್ಖಾನೆ ಇತ್ತು. ಈಗ ಇಲ್ಲ. ಅವರ ಸಂಶೋಧನಾ ವಿಭಾಗದಿಂದ ನಮಗೆ ಆಗಾಗ ಶೀಷೆಗಳು ಬರುತ್ತಿದ್ದವು. ಆ ಸಲ ಬಂದ ಅಣು ಬಹಳ ಸಣ್ಣದು. ಒಂದು ಉಂಗುರ, ಅದಕ್ಕೆ ಮೂರು ಸಾರಜನಕಗಳ ಒಂದು ಬಾಲ. ಈ ಬಾಲಕ್ಕೆ ಎರಡು ಗುಣ. ಮಡಚಿಕೊಂಡು ಪಕ್ಕದ ಸಾರಜನಕವನ್ನು ಹಿಡಿದರೆ ಎರಡನೆಯ ಉಂಗುರವಾಗುತ್ತದೆ, ಆಗ ಅಣು ಸಾಕಷ್ಟು ಶಾಂತ. ಬಿಟ್ಟುಕೊಂಡು ಹೊರಗೆ ಚಾಚಿದರೆ ಅದು ಬೇರೆಯೇ ವಸ್ತು, ಉಜ್ಜಿದರೆ ಸಾಕು, ಸಿಡಿಯುತ್ತದೆ. ಉಂಗುರ ಮುಚ್ಚಿದೆಯೋ ತೆರೆದಿದೆಯೋ? ಅಷ್ಟೇ ಪ್ರಶ್ನೆ. ಅವರ ಬಳಿ ಇದ್ದ ಉಳಿದ ಮಾಲು ಫ್ಲಾಸ್ಕಿನ ಒಳಗೋಡೆಗೆ ಕರಕಲಿನ ಹಾಗೆ ಕಚ್ಚಿಕೊಂಡಿತ್ತು. ಮುಚ್ಚಿದೆ ಎಂದರೆ ಕೆರೆದು ತೆಗೆಯುತ್ತಾರೆ. ತೆರೆದಿದೆ ಎಂದರೆ ಯಾರೂ ಮುಟ್ಟದೆ ದ್ರಾವಕ ಸುರಿದು ಕರಗಿಸುತ್ತಾರೆ. ನಮ್ಮ ಒಂದು ಸಾಲಿನ ವರದಿ ಬರುವ ತನಕ ಫ್ಲಾಸ್ಕು ಕಪಾಟಿನಲ್ಲಿ ಕಾಯುತ್ತಿತ್ತು.

ಆ ವಾರ ಹುಬ್ಬಳ್ಳಿಯಲ್ಲಿ ನನ್ನ ಅಕ್ಕನ ಮದುವೆ, ಅವಳು ಮೊದಲೇ ಅಲ್ಲಿಗೆ ಹೋಗಿದ್ದಳು. ಅಪ್ಪ ಅವ್ವನ ಜೊತೆ ಬುಧವಾರ ಸಂಜೆಯ ರೈಲುಗಾಡಿಗೆ ನಾನೂ ಹೊರಡಬೇಕಿತ್ತು. ಸೋಮವಾರ ಶೀಷೆ ತೆರೆದೆ. ಮೇಲುಗಡೆಯೇ ಒಂದು ಹರಳು, ಅಂಥದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಕಲ್ಲುಸಕ್ಕರೆಯ ಹಾಗೆ, ಆರು ಮುಖವೂ ಚೊಕ್ಕ. ಅದನ್ನು ಕೂರಿಸಿದೆ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಪರಮಾಣುಗಳು ತಾವಾಗಿಯೇ ಬಂದು ಕೂತವು. ಉಂಗುರ ಮುಚ್ಚಿತ್ತು. ಲೆಕ್ಕದಲ್ಲಿ ಎಲ್ಲೂ ಕೊಸರಿಲ್ಲ. ಉಳಿದದ್ದು ಎರಡು ಕೆಟ್ಟ ಹರಳು. ಶೀಷೆಯ ತಳದಲ್ಲಿ ಮುರಿದ ಸೂಜಿಗಳಂಥವು ಒತ್ತಾಗಿ ಕೂತಿದ್ದವು. ಅವುಗಳಿಗೆ ಇನ್ನೆರಡು ದಿನ ಬೇಕು. ಗಾಡಿಗೆ ಇದ್ದದ್ದು ಒಂದೇ ದಿನ. ಇಷ್ಟು ಚಂದದ ಹರಳು ಸುಳ್ಳು ಹೇಳುತ್ತದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ರಿಜಿಸ್ಟರಿನಲ್ಲಿ ಮೂರು ಸಾಲು ತುಂಬಿದೆ. ಮೊದಲನೆಯ ಸಾಲಿನಲ್ಲಿ ಫಲಿತಾಂಶ, ಎರಡನೆಯದರಲ್ಲಿ "ಅದೇ", ಮೂರನೆಯದರಲ್ಲಿ "ಅದೇ". ಬುಧವಾರ ಬೆಳಗ್ಗೆ ಮೇಡಂ ವರದಿಗೆ ಸಹಿ ಮಾಡಿದರು. ಹತ್ತು ಗಂಟೆಗೆ ನಾನೇ ಅದನ್ನು ಕಾರ್ಖಾನೆಗೆ ಇ-ಮೇಲ್ ಮಾಡಿದೆ.

ಊಟದ ಹೊತ್ತಿಗೆ ಮೇಡಂ ರಿಜಿಸ್ಟರ್ ಕೈಯಲ್ಲಿ ಹಿಡಿದುಕೊಂಡು ಬಂದರು. ನಾನು ಡಬ್ಬಿ ತೆರೆದಿದ್ದೆ.

"ಎಷ್ಟು ಹರಳು ನೋಡೀ?"

"ಮೂರ್ರಿ ಮೇಡಂ."

"ಕೆಟ್ಟ ಹರಳು ನೋಡಿದಾಕಿ ಒಂದರ ಬೈಗುಳ ಬರೀತಾಳ. ಸೀಳೇತಿ ಅಂತಾಳ, ಅಂಟಕೊಂಡೈತಿ ಅಂತಾಳ, ಸಾಯ್ಲಿ ಇದು ಅಂತಾಳ. ನೀ ಅದೇ, ಅದೇ ಅಂತ ಬರದೀ. ಅಷ್ಟು ಸಲೀಸ ಆತೇನು?"

"ಹೂಂರಿ. ಸಲೀಸ ಆತ್ರಿ."

ಅವರು ರಿಜಿಸ್ಟರ್ ಮುಚ್ಚಿದರು. ಶೀಷೆ ತೆಗೆದುಕೊಂಡು ಸೂಕ್ಷ್ಮದರ್ಶಕದ ಮುಂದೆ ಕೂತರು. ಬೆಕ್ಕಿನ ಮೀಸೆಯಿಂದ ತಳದ ಒಂದು ಸೂಜಿಯನ್ನು ಎತ್ತಿದರು, ಯಂತ್ರದಲ್ಲಿ ಕೂರಿಸಿದರು. ಪೂರ್ತಿ ಉತ್ತರಕ್ಕೆ ದಿನ ಬೇಕು, ಆದರೆ ಹರಳಿನ ಒಳಗೆ ಪರಮಾಣುಗಳು ಮತ್ತೆ ಮತ್ತೆ ಒಂದೇ ರೀತಿ ಜೋಡಿಕೊಳ್ಳುವ ಪುಟ್ಟ ಕೋಣೆಯ ಅಳತೆ ಇಪ್ಪತ್ತು ನಿಮಿಷದಲ್ಲಿ ಸಿಗುತ್ತದೆ. ನಾನು ಬಾಗಿಲ ಬಳಿ ನಿಂತಿದ್ದೆ. ಪರದೆಯ ಮೇಲೆ ಸಂಖ್ಯೆಗಳು ಬಂದವು. ನನ್ನ ಚಂದದ ಹರಳಿನ ಅಳತೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಶೀಷೆಯಲ್ಲಿ ಇದ್ದದ್ದು ಎರಡು ಬೇರೆ ಬೇರೆ ಹರಳು, ಹೆಚ್ಚಿನ ಪಾಲು ಸೂಜಿಗಳದ್ದು, ಅವುಗಳಲ್ಲಿ ಉಂಗುರ ತೆರೆದೇ ಇರಬಹುದಿತ್ತು.

ಮೇಡಂ ಎದ್ದು ಬಂದು ಹೊಡೆದರು. ನಾನು ಬಾಗಿಲ ಚೌಕಟ್ಟಿಗೆ ಬಡಿದು ಕೆಳಗೆ ಕೂತೆ. ಬಾಯಲ್ಲಿ ರಕ್ತದ ರುಚಿ ಬಂತು, ಬಲಗಿವಿಯಲ್ಲಿ ಒಂದು ಶಿಳ್ಳೆ ಶುರುವಾಗಿ ಎರಡು ದಿನ ನಿಲ್ಲಲಿಲ್ಲ. ಅವರು ನನ್ನನ್ನು ನೋಡಲೇ ಇಲ್ಲ. ಕಾರ್ಖಾನೆಗೆ ಫೋನ್ ಹಚ್ಚಿದರು. ಅಂಥ ಜಾಗದಲ್ಲಿ ಎಲ್ಲರ ಮೊಬೈಲೂ ಗೇಟಿನಲ್ಲೇ ಕಸಿದಿಟ್ಟಿರುತ್ತಾರೆ. ಗೇಟಿನವನು ಫೋನ್ ಎತ್ತಿ, ಸಾಹೇಬರು ಊಟಕ್ಕೆ ಹೋಗಿದ್ದಾರೆ, ಬಂದ ಮೇಲೆ ಹೇಳುತ್ತೇನೆ ಎಂದ. ಫ್ಲಾಸ್ಕು ಎಲ್ಲಿದೆ ಎಂದು ಕೇಳಿದರೆ, ಬೆಳಗ್ಗೆಯೇ ದಿಲೀಪ್ ತೆಗೆದುಕೊಂಡು ಹೋದ, ರಿಪೋರ್ಟ್ ಬಂತಲ್ಲ ಎಂದ. ಓಡಿಹೋಗಿ ಅವನನ್ನು ನಿಲ್ಲಿಸು ಎಂದರೆ, ಗೇಟು ಬಿಟ್ಟು ಕದಲುವ ಹಾಗಿಲ್ಲ ಎಂದು ಫೋನ್ ಇಟ್ಟುಬಿಟ್ಟ.

"ಗಾಡಿ ತಗಿ," ಎಂದರು ಮೇಡಂ.

ಮೇ ತಿಂಗಳ ನಡು ಮಧ್ಯಾಹ್ನ. ದುಪಟ್ಟಾದಿಂದ ಮುಖ ಸುತ್ತಿಕೊಂಡು ನಾನು ಸ್ಕೂಟಿ ಹೊಡೆದೆ, ಹಿಂದೆ ಅವರು. ಬಿಸಿಗಾಳಿ ಕಣ್ಣಿಗೆ ಹೊಡೆಯುತ್ತಿತ್ತು. ಕಲ್ಲಿದ್ದಲಿನ ಲಾರಿಗಳು ಎದುರು ಬರುತ್ತಿದ್ದವು. ದಾರಿಯುದ್ದಕ್ಕೂ ಅವರು ನನ್ನ ಬೆನ್ನಿಗೆ ಮುಷ್ಟಿಯಿಂದ ಗುದ್ದುತ್ತಲೇ ಇದ್ದರು. "ಜಲ್ದಿ ಹೊಡಿ, ಜಲ್ದಿ ಹೊಡಿ." ನಾನು ಅಳುತ್ತಿದ್ದೆ, ಗಾಡಿ ಮಾತ್ರ ನಿಲ್ಲಿಸಲಿಲ್ಲ. ದಿಲೀಪನನ್ನು ನಾನು ಬಲ್ಲೆ. ಶೀಷೆ ತಂದುಕೊಡುತ್ತಿದ್ದವನು ಅವನೇ. ಸಾವನೇರದವನು, ಅಪ್ಪ ಗಣಿಯಲ್ಲಿದ್ದವರು, ಮೂವತ್ತರ ಆಸುಪಾಸು, ದಪ್ಪ ಕನ್ನಡಕ. ಬಂದಾಗಲೆಲ್ಲ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದ ಮನುಷ್ಯ.

ಗೇಟಿನಲ್ಲಿ ಕಾವಲಿನವನು ಪುಸ್ತಕ ಮುಂದೆ ಮಾಡಿ ಹೆಸರು, ವಿಳಾಸ, ಸಹಿ ಎಂದ. ಮೇಡಂ ಅವನ ಕಾಲರ್ ಹಿಡಿದು ಮೇಜಿನ ಮೇಲೆ ತಳ್ಳಿದರು. ಪುಸ್ತಕ, ಮಸಿ, ನೀರಿನ ಹೂಜಿ ಎಲ್ಲ ನೆಲಕ್ಕೆ ಬಿದ್ದವು. ಅವನು ಸೀಟಿ ಊದುತ್ತ ಏಳುವಷ್ಟರಲ್ಲಿ ಇಬ್ಬರೂ ಒಳಗೆ ಓಡುತ್ತಿದ್ದೆವು.

ಶೆಡ್ಡಿನ ಬಾಗಿಲು ತೆರೆದಿತ್ತು. ದಿಲೀಪ್ ನಮಗೆ ಬೆನ್ನು ಹಾಕಿ ಕೂತಿದ್ದ. ಎಡಗೈಯಲ್ಲಿ ಫ್ಲಾಸ್ಕು, ಬಲಗೈಯಲ್ಲಿ ಕೆರೆಯುವ ಚಪ್ಪಟೆ ಕಡ್ಡಿ, ಸ್ಟೀಲಿನ ಸ್ಪ್ಯಾಚುಲಾ. ಗಾಜಿನ ಗೋಡೆಯ ಮೇಲೆ ಅದು ಕರ್‍ರ್ ಕರ್‍ರ್ ಎಂದು ಉಜ್ಜುವ ಸದ್ದು ಬಾಗಿಲವರೆಗೆ ಕೇಳುತ್ತಿತ್ತು. ಮುಂದಿದ್ದ ಕಾಗದದ ಮೇಲೆ ಆಗಲೇ ಒಂದು ಚಿಟಿಕೆ ಬಿಳಿ ಪುಡಿ ಬಿದ್ದಿತ್ತು. ನಾನು ಕೂಗಲು ಬಾಯಿ ತೆರೆದೆ. ಮೇಡಂ ಅಂಗೈಯನ್ನು ನನ್ನ ಬಾಯಿಗೆ ಒತ್ತಿದರು. ಆಮೇಲೆ ಚಪ್ಪಲಿ ಬಿಟ್ಟರು. ಸೀರೆಯ ನೆರಿಗೆ ಎತ್ತಿ ಹಿಡಿದು, ಬರಿಗಾಲಲ್ಲಿ, ಅವನಿಗೆ ಕಾಣುವ ಹಾಗೆ ಪಕ್ಕದಿಂದ ಸುತ್ತಿ ಹೋದರು. ಆರು ವರ್ಷ ಅವರ ಜೊತೆ ಇದ್ದೆ, ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಅದೊಂದೇ ಸಲ ಕೇಳಿದ್ದು.

"ಭಾವೂ, ಹಾತ್ ಥಾಂಬವಾ. ಹಳೂ."

ಅಣ್ಣಾ, ಕೈ ನಿಲ್ಲಿಸು, ಮೆಲ್ಲಗೆ. ಮಗುವನ್ನು ಮಲಗಿಸುವ ದನಿ. ಅವನು ತಲೆ ಎತ್ತಿದ. ಕೈ ನಿಂತಿತು. ಸ್ಪ್ಯಾಚುಲಾವನ್ನು ಹೊರಗೆ ತೆಗೆಯಬೇಡ, ಇದ್ದಲ್ಲೇ ಬಿಡು ಎಂದರು. ಅವನು ಬೆರಳು ಸಡಿಲಿಸಿದ. ಫ್ಲಾಸ್ಕನ್ನು ಅವನ ಕೈಯಿಂದ ತಾವು ತೆಗೆದುಕೊಂಡು, ಅಲ್ಲಿದ್ದ ಒದ್ದೆ ಬಟ್ಟೆಯ ಮೇಲೆ ಇಳಿಸಿದರು. ಈಗ ಎದ್ದು ಹೊರಗೆ ನಡಿ ಎಂದರು. ಅವನು ಎದ್ದು ಬಂದ. ಅವನ ಹಿಂದೆ ಅವರೂ ಬಂದರು.

ಬೇವಿನ ಮರದ ಕೆಳಗೆ ತಲುಪುತ್ತಲೇ ಮೇಡಂ ಅವನಿಗೆ ಹೊಡೆದರು. ನನಗೆ ಹೊಡೆದದ್ದಕ್ಕಿಂತ ಜೋರಾಗಿ. ಕನ್ನಡಕ ಹಾರಿ ಕಲ್ಲಿನ ಮೇಲೆ ಬಿದ್ದು ಒಡೆಯಿತು. ಊಟ ಮುಗಿಸಿ ಬರುತ್ತಿದ್ದ ಕೆಲಸಗಾರರೆಲ್ಲ ನಿಂತು ನೋಡಿದರು. ಅವನು ಕೆನ್ನೆ ಹಿಡಿದುಕೊಂಡು ಏನೂ ಅರ್ಥವಾಗದೆ ನಿಂತಿದ್ದ. ಮೇಡಂ ಪಕ್ಕಕ್ಕೆ ತಿರುಗಿ ಮರದ ಬುಡದಲ್ಲಿ ವಾಂತಿ ಮಾಡಿಕೊಂಡರು.

ಬಿಸಿಲು ಇಳಿಯುವ ಹೊತ್ತಿಗೆ ಕಾರ್ಖಾನೆಯವರು, ಕೆರೆದು ಸಡಿಲವಾದ ಮಾಲಿಗೆ ದ್ರಾವಕ ಸುರಿಯಲು ಹೆದರಿ, ಆ ಫ್ಲಾಸ್ಕನ್ನು ಉದ್ದನೆಯ ಇಕ್ಕಳದಲ್ಲಿ ಎತ್ತಿ ಹಿಂದಿನ ಗುಂಡಿಗೆ ಇಳಿಸಿದರು. ಸುತ್ತ ಮರಳಿನ ಚೀಲ ಜೋಡಿಸಿ, ದೂರದಿಂದ ಹಗ್ಗ ಸಡಿಲಿಸಿ ಅದರ ಮೇಲೆ ಒಂದು ಕಲ್ಲು ಬೀಳಿಸಿದರು. ಆ ಸದ್ದು ನನ್ನ ಹಲ್ಲಿಗೆ ತಾಗಿತು. ಗುಂಡಿಯ ಅಂಚಿನ ಎರಡು ಚೀಲ ಹರಿದು ಮರಳು ಸೋರಿತು. ಒಂದು ಫ್ಲಾಸ್ಕಿನ ಗೋಡೆಗೆ ಅಂಟಿದ್ದ ಮಾಲು ಅಷ್ಟೇ. ದಿಲೀಪ್ ತನ್ನ ಎರಡೂ ಕೈಯನ್ನು ಕಂಕುಳಲ್ಲಿ ಅದುಮಿಕೊಂಡು ನಿಂತಿದ್ದ.

ಮ್ಯಾನೇಜರ್ ಕೂಗಾಡಿದ. ಮೂರು ಹರಳು ನೋಡಿ ಕೊಡುತ್ತೇವೆ ಅಂದಿದ್ದಿರಿ, ಇದೇನಾ ನಿಮ್ಮ ರಿಪೋರ್ಟು? ಮೇಡಂ ಹೇಳಿದ್ದು ಇಷ್ಟು: "ತಪ್ಪು ನನ್ನದು. ಸಹಿ ನನ್ನದು." ಪಕ್ಕದಲ್ಲಿ ನಾನು ನಿಂತಿದ್ದೆ.

ವಾಪಸ್ಸು ಬರುವಾಗ ದಾರಿಯಲ್ಲಿ ಒಂದು ಚಹದ ಅಂಗಡಿಯ ಮುಂದೆ ನಿಲ್ಲಿಸು ಎಂದರು. ಬೆಂಚಿನ ಮೇಲೆ ಕೂತು, ತಮ್ಮ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದರು.

"ನನ್ನ ಗೆಳತಿ ಒಬ್ಬಾಕಿ ಇದ್ಳು. ಒಂದ ಖೋಲ್ಯಾಗ ಇರ್ತಿದ್ವಿ, ಒಂದ ಡಬ್ಬ್ಯಾಗ ಉಣ್ತಿದ್ವಿ. ಆಕಿ ಮಾಲು ತಯಾರ ಮಾಡಾಕಿ, ನಾ ಹರಳ ನೋಡಾಕಿ. ಒಂದ ಚಂದಂದು ಆರಿಸಿ ನೋಡಿದೆ. ಉಂಗುರ ಮುಚ್ಚೇತಿ, ಕೆರಿ ಅಂತ ನಾನ ಹೇಳಿದೆ. ಬಾಟ್ಲಿ ನಾ ಹಿಡದಿದ್ದೆ. ಕೆರದಾಕಿ ಆಕಿ."

ನಾನು ಚಹದ ಲೋಟ ನೋಡುತ್ತ ಕೂತೆ.

"ದವಾಖಾನ್ಯಾಗ ಎರಡು ದಿನ ಇದ್ಳು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮದವಿಗಿ ಹೋಗಿ ಬಾ. ಗಾಡಿ ತಪ್ಪೇತಿ, ನಾಳಿನ ಗಾಡಿಗೆ ಹೋಗು," ಎಂದರು.

ಅವ್ವ ಅಪ್ಪ ನನಗಾಗಿ ಗಾಡಿ ಬಿಟ್ಟು ಮನೆಯಲ್ಲೇ ಕಾಯುತ್ತಿದ್ದರು. ಮರುದಿನ ಮೂವರೂ ಹೊರಟೆವು. ಅಕ್ಕನ ಮದುವೆಯ ಫೋಟೋಗಳಲ್ಲಿ ನನ್ನ ಒಂದೇ ಕೆನ್ನೆ ಕಾಣುತ್ತದೆ. ಹಿಂದಿರುಗಿ ಬಂದಾಗ ಸಂಸ್ಥೆಯವರು ಮೇಡಂಗೆ ನೋಟಿಸು ಕೊಟ್ಟಿದ್ದರು. ಕಾರ್ಖಾನೆಯವರು ಶೀಷೆ ಕಳಿಸುವುದನ್ನು ನಿಲ್ಲಿಸಿದರು. ಕಾವಲಿನವನ ದೂರು ಬೇರೆ. ಪ್ರಯೋಗಾಲಯದ ಮುಖ್ಯಸ್ಥೆಯ ಹುದ್ದೆಯನ್ನು ಅವರಿಂದ ತೆಗೆದು, ಹರಳು ಮತ್ತು ಹರಳೆಣ್ಣೆಯ ವ್ಯತ್ಯಾಸ ತಿಳಿಯದ ಒಬ್ಬರಿಗೆ ಕೊಟ್ಟರು. ನಾನು ಒಂದು ದಿನ ಧೈರ್ಯ ಮಾಡಿ, ನಿಜ ಹೇಳಿಬಿಡುತ್ತೇನೆ ಎಂದೆ. ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. "ನಿನಗ ಕೊಡೂದು ಕೊಟ್ಟೇನಿ. ಇನ್ನ ಸಹಿ ಮಾಡಿದಾಕಿ ನಾ. ಬಾಯಿ ಮುಚಗೊಂಡು ಮುಂದಿನ ಶೀಷೆ ತಗಿ." ನಾನು ಬಾಯಿ ಮುಚ್ಚಿಕೊಂಡೆ. ಅವರು ಹೇಳಿದರೆಂದು ಮುಚ್ಚಿಕೊಂಡೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜವೇನೆಂದರೆ ನನಗೆ ಡಿಗ್ರಿ ಬೇಕಿತ್ತು. ಡಿಗ್ರಿ ಬಂತು. ಅವರು ನಿವೃತ್ತರಾದ ಮೇಲೆ ಅದೇ ಪ್ರಯೋಗಾಲಯ ನನ್ನ ಕೈಗೆ ಬಂತು. ಮೂರು ಹರಳಿನ ಕಟ್ಟಳೆಯನ್ನು ಉಳಿಸಿಕೊಂಡಿದ್ದೇನೆ, ಕೈ ಎತ್ತುವುದನ್ನು ಬಿಟ್ಟಿದ್ದೇನೆ. ಒಂದೆರಡು ಸಲ ಕೈ ತಾನೇ ಎದ್ದಿತ್ತು, ಜೇಬಿಗೆ ತುರುಕಿಕೊಂಡೆ.

ಹೋದ ತಿಂಗಳು ಸುದ್ದಿ ತಿಳಿದು ಅವರ ಮನೆಗೆ ಓಡಿದೆ. ಅವರ ತಮ್ಮ ಬಾಗಲಕೋಟೆಯಿಂದ ಇನ್ನೂ ದಾರಿಯಲ್ಲಿದ್ದರು. ನೆರೆಯವರು ಮೇಡಂ ಅವರನ್ನು ಅವರ ಪದ್ಧತಿಯಂತೆ ಹಜಾರದಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಕೂಲರ್ ಹಾಕಿದ್ದರು. ಎಡಗೈಯನ್ನು ಸೆರಗಿನಿಂದ ಮುಚ್ಚಿದ್ದರು. ನಾನು ಸೆರಗು ಸರಿಸಿ ಕೈಯನ್ನು ಹೊರಗೆ ಇಟ್ಟೆ. ಅದನ್ನು ಬಚ್ಚಿಟ್ಟು ಕೂತ ಹೆಂಗಸಲ್ಲ ಅವರು.

ಮಧ್ಯಾಹ್ನ ಒಬ್ಬ ಮನುಷ್ಯ ಹಾರ ಹಿಡಿದುಕೊಂಡು ಬಂದ. ಚಪ್ಪಲಿ ಬಿಡುವ ರೀತಿಯಲ್ಲೇ ಗುರುತು ಹಿಡಿದೆ. ದಿಲೀಪ್. ತಲೆ ನರೆತಿತ್ತು, ಅಂಥದೇ ದಪ್ಪ ಕನ್ನಡಕ. ಹಾರ ಹಾಕಿ, ಕೈ ಮುಗಿದು, ನನ್ನ ಪಕ್ಕ ನೆಲದ ಮೇಲೆ ಕೂತ. ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದ:

"ಮ್ಯಾಡಮ್, ಮೀ ಕಾಯ್ ಚುಕಲೋ ಹೋತೋ?"

ನಾನು ಏನು ತಪ್ಪು ಮಾಡಿದ್ದೆ? ಅವನಿಗೆ ಅಷ್ಟೇ ಬೇಕಿತ್ತು. ಆಮೇಲೆ ಮರಾಠಿಯಲ್ಲಿ ಒಂದೊಂದಾಗಿ ಹೇಳಿದ. ರಿಪೋರ್ಟಿನಲ್ಲಿ ಕೆರೆಯಬಹುದು ಎಂದಿತ್ತು, ನಾನು ಕೆರೆದೆ. ವರದಿ ತಪ್ಪಾಗಿತ್ತು ಎಂದು ಮ್ಯಾಡಮ್ ಒಪ್ಪಿಕೊಂಡರಂತೆ, ಆದರೆ ಕೆಲಸಗಾರರು ಅದನ್ನು ನಂಬಲಿಲ್ಲ. ಅಷ್ಟು ದೊಡ್ಡ ಮ್ಯಾಡಮ್ ಸುಮ್ಮನೆ ಹೊಡೆಯುತ್ತಾರಾ, ದಿಲೀಪ್ ಏನೋ ಮಾಡಿರಬೇಕು, ಅವನನ್ನು ಉಳಿಸಲು ಅವರು ಮೈಮೇಲೆ ಹಾಕಿಕೊಂಡಿದ್ದಾರೆ ಎಂದರು. ನನ್ನ ಪಾಳಿಯಲ್ಲಿ ಕೂರಲು ಯಾರೂ ಒಪ್ಪಲಿಲ್ಲ. ಕೆಲಸ ಬಿಟ್ಟೆ. ಹೆಂಡತಿಯೂ ಒಂದು ಸಲ ಕೇಳಿದಳು, ನಿಜ ಹೇಳಿ, ಏನು ಮಾಡಿದಿರಿ ಅಂತ. ನನಗೇ ಅನುಮಾನ ಬಂತು, ಏನೋ ಮಾಡಿದ್ದೇನೆ, ತಿಳಿಯುತ್ತಿಲ್ಲ ಅಂತ. ಇವತ್ತಿಗೂ ಮನೆಯಲ್ಲಿ ಹಾಲಿನ ಪಾತ್ರೆಯ ಕೆನೆಯನ್ನು ಕೂಡ ಚಮಚದಿಂದ ಕೆರೆಯುವುದಿಲ್ಲ. ಅವರನ್ನೇ ಕೇಳಬೇಕೆಂದು ಎರಡು ಸಲ ಈ ಗೇಟಿನವರೆಗೆ ಬಂದಿದ್ದೆ, ಹೆದರಿ ಹೋದೆ.

ಮೇಡಂ ಎದುರಿಗೇ ಕೂತಿದ್ದರು. ಈ ಸಲ ಸಹಿ ನನ್ನದು ಎಂದು ಹೇಳಲು ಅವರಿಗೆ ಬಾಯಿ ಇರಲಿಲ್ಲ. ನಾನು ಹೇಳಿದೆ. ಒಂದೇ ಹರಳು ನೋಡಿದ್ದೆ, ಮೂರು ಎಂದು ಬರೆದೆ, ಅಕ್ಕನ ಮದುವೆಯ ಗಾಡಿ ಹಿಡಿಯಬೇಕಿತ್ತು. ನಿಮ್ಮ ತಪ್ಪು ಏನೂ ಇರಲಿಲ್ಲ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಅವನ ತೊಡೆಯ ಮೇಲಿನ ಬಲಗೈ ಮುಷ್ಟಿಯಾಯಿತು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದೂ ಅನಿಸಿತು. ಆ ಮುಷ್ಟಿ ಬಿಚ್ಚಲು ಬಹಳ ಹೊತ್ತು ಹಿಡಿಯಿತು.

"ನಿಮಗೆ ಹೊಡೆದಿದ್ದರೇ?" ಎಂದು ಕೇಳಿದ.

"ನಿಮಗಿಂತ ಮೊದಲು."

ಅವನು ತಲೆಯಾಡಿಸಿದ. ಆಮೇಲೆ ಜೇಬಿನಿಂದ ಪೆನ್ನು ತೆಗೆದು ನನ್ನ ಮುಂದೆ ಹಿಡಿದ. "ಬರೆದುಕೊಡಿ," ಎಂದ. "ಮರಾಠಿಯಲ್ಲಿ. ನನ್ನ ಹೆಂಡತಿ ಓದಬೇಕು. ಕೆಳಗೆ ಸಹಿ ಹಾಕಿ."

ಆ ಕಾಗದ ಯಾರ ಯಾರ ಕೈಗೆ ಹೋಗಬಹುದು, ನನ್ನ ಡಿಗ್ರಿ ಏನಾಗಬಹುದು, ಪ್ರಯೋಗಾಲಯ ಏನಾಗಬಹುದು ಎಂಬುದೆಲ್ಲ ನನಗೆ ಗೊತ್ತಿತ್ತು. ಬ್ಯಾಗಿನಿಂದ ಒಂದು ಹಾಳೆ ತೆಗೆದು ನೆಲದ ಮೇಲೆ ಇಟ್ಟೆ. ಕೂಲರಿನ ಗಾಳಿಗೆ ಅದು ಏಳುತ್ತಿತ್ತು. ಅವನು ಮುಂದಕ್ಕೆ ಬಾಗಿ ಎರಡೂ ಕೈಯಿಂದ ಹಾಳೆಯ ಎರಡು ಅಂಚನ್ನು ಒತ್ತಿ ಹಿಡಿದ. ಬರೆಯುತ್ತ ಬರೆಯುತ್ತ ಅವನ ಬೆರಳುಗಳನ್ನು ಎಣಿಸಿದೆ. ಹತ್ತೂ ಇದ್ದವು. ಸಹಿ ಹಾಕಿದೆ.